ನೆಲದ ಪಾಠಕ್ಕೆ ಬೆಲೆ ಎಷ್ಟು?

ನಾವು ಉಡುಪಿ ಕಡೆಯವರು, ಹೊಟ್ಟೆಪಾಡಿಗಾಗಿ ಅಮೆರಿಕದಲ್ಲಿ ನೆಲೆಸಿದವರು. ಹೈಸ್ಕೂಲಿನಲ್ಲಿರುವ ನಮ್ಮ ಮಗಳು ಭೂವಿಜ್ಞಾನ ಓದುತ್ತೇನೆಂದಾಗ ಬಂಧುಗಳು ಹುಬ್ಬೇರಿಸಿದರು. "ಕಲ್ಲು ಮಣ್ಣು ಓದಿ ಏನು ಪ್ರಯೋಜನ?" ಎಂಬುದು ಅವರ ಪ್ರಶ್ನೆ.

ಆ ಪ್ರಶ್ನೆಗೆ ಕಾರಣವಿಲ್ಲದಿಲ್ಲ. ಇಲ್ಲಿ ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜಿನ ಕ್ರೆಡಿಟ್ ಗಳಿಸಬಹುದು. ಕಾಲೇಜ್ ಬೋರ್ಡ್ ನಡೆಸುವ ಎಪಿ ಪರೀಕ್ಷೆ ಅದಕ್ಕೊಂದು ದಾರಿ. ಭೌತ, ರಸಾಯನ, ಜೀವಶಾಸ್ತ್ರಗಳಿಗೆ ಎಪಿ ಇದೆ. 1998ರಿಂದ ಪರಿಸರ ವಿಜ್ಞಾನಕ್ಕೂ ಇದೆ. ಭೂವಿಜ್ಞಾನಕ್ಕೆ ಮಾತ್ರ ಇಲ್ಲ. 2013ರಲ್ಲಿ ಹೊರಬಂದ ವಿಜ್ಞಾನ ಶಿಕ್ಷಣದ ಹೊಸ ಮಾನದಂಡಗಳು ಭೌತ ಮತ್ತು ಜೀವ ವಿಜ್ಞಾನಗಳ ಪಂಕ್ತಿಯಲ್ಲೇ ಭೂಮಿ-ಬಾಹ್ಯಾಕಾಶ ವಿಜ್ಞಾನವನ್ನೂ ಕೂರಿಸಿವೆ. ಆದರೂ ಕ್ರೆಡಿಟ್ ಸಿಗದ ವಿಷಯದತ್ತ ಜಾಣ ಮಕ್ಕಳು ಸುಳಿಯುವುದು ಕಡಿಮೆ.

ಇನ್ನೊಂದು ದಾರಿ ಡ್ಯುಯಲ್ ಎನ್‌ರೋಲ್‌ಮೆಂಟ್. ಕಾಲೇಜಿನ ಪಠ್ಯವನ್ನೇ, ಆ ಕಾಲೇಜಿನ ಒಪ್ಪಿಗೆ ಪಡೆದ ಹೈಸ್ಕೂಲ್ ಶಿಕ್ಷಕರು ತಮ್ಮ ತರಗತಿಯಲ್ಲಿ ಕಲಿಸುತ್ತಾರೆ. ಸಿರಾಕ್ಯೂಸ್ ವಿಶ್ವವಿದ್ಯಾಲಯ 1970ರ ದಶಕದಲ್ಲೇ ಇಂತಹ ಯೋಜನೆ ಆರಂಭಿಸಿತ್ತು. ಇಲ್ಲಿ ಒಂದು ದಿನದ ಪರೀಕ್ಷೆಯೇ ಎಲ್ಲವೂ ಅಲ್ಲ. ಪ್ರಯೋಗಾಲಯ, ನಕ್ಷೆ, ಹೊರಸಂಚಾರಗಳೂ ಲೆಕ್ಕಕ್ಕೆ ಬರುತ್ತವೆ. ಭೂವಿಜ್ಞಾನಕ್ಕೆ ಒಪ್ಪುವ ಕ್ರಮವೂ ಇದೇ. ಮಗಳು ಸೇರಿದ್ದು ಈ ತರಗತಿಗೆ.

ತೊಡಕುಗಳೂ ಇವೆ. ಕಲಿಸುವವರಿಗೆ ಸಾಮಾನ್ಯವಾಗಿ ಸ್ನಾತಕೋತ್ತರ ಮಟ್ಟದ ಓದು ಬೇಕು. ಭೂವಿಜ್ಞಾನದಲ್ಲಿ ಅಂಥವರು ಎಲ್ಲ ಊರುಗಳಲ್ಲಿ ಸಿಗುವುದಿಲ್ಲ. ಕೆಲವೆಡೆ ಶುಲ್ಕವನ್ನು ಸರಕಾರ ಭರಿಸಿದರೆ, ಕೆಲವೆಡೆ ಹೆತ್ತವರೇ ಭರಿಸಬೇಕು. ಗಳಿಸಿದ ಕ್ರೆಡಿಟನ್ನು ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪುವುದಿಲ್ಲ. ನಾವು ವಿಚಾರಿಸಿದ ಒಂದು ಕಡೆ "ಆಗುವುದಿಲ್ಲ" ಎಂದೇ ಹೇಳಿದರು. ಮಗಳು ಹಿಂಜರಿಯಲಿಲ್ಲ.

ಒಂದು ದಿನ ಅವಳು ಪುಸ್ತಕದಲ್ಲಿ ಕಂಬ ಕಂಬವಾಗಿ ನಿಂತ ಬಸಾಲ್ಟ್ ಶಿಲೆಯ ಚಿತ್ರ ತೋರಿಸಿ, "ಇದು ನಮ್ಮ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಂತೆಯೇ ಇದೆಯಲ್ಲ!" ಎಂದಳು. ರಜೆಗೆ ಹೋದಾಗಲೆಲ್ಲ ಆ ಕಲ್ಲುಗಳ ಮೇಲೆ ಕುಳಿತು ನಾವು ಫೋಟೋ ತೆಗೆಸಿಕೊಂಡಿದ್ದೆವು. ಲಾವಾ ತಣಿದು ಕುಗ್ಗುವಾಗ ಬಿರುಕುಬಿಟ್ಟು ಅಂತಹ ಕಂಬಗಳಾಗುತ್ತವೆ ಎಂದು ನಮಗೆ ತಿಳಿಸಿದ್ದು ಅವಳೇ.

2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದವು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅದೇ ತಿಂಗಳು ವಯನಾಡಿನಲ್ಲಿ ಊರಿಗೆ ಊರೇ ಕೊಚ್ಚಿಹೋಯಿತು. ಬುಡ ಕಡಿದ ಗುಡ್ಡ ಮಳೆನೀರು ಕುಡಿದರೆ ಏನಾದೀತು ಎಂಬುದನ್ನು ಹದಿನಾರರ ವಯಸ್ಸಿನಲ್ಲೇ ಕಲಿಯುವುದು ಬೇಡವೇ? ಮಕ್ಕಳು ಯಾವ ವಿಷಯ ಆರಿಸಬೇಕೆಂದು ಮನೆಯಲ್ಲಿ ಚರ್ಚಿಸುವಾಗ ಕ್ರೆಡಿಟ್, ಸಂಬಳಗಳ ಜೊತೆ ಕಾಲಡಿಯ ನೆಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳೋಣ.