90 ದಿನದ ಲೆಕ್ಕ

ಮುಂಬಯಿ ಕನ್ನಡಿಗರು ಎಂದ ಕೂಡಲೇ ನಮ್ಮ ಮಾತು ಮಾಟುಂಗಾದ ಇಡ್ಲಿ, ಉಡುಪಿ ಹೋಟೆಲು, ರಾತ್ರಿಶಾಲೆ, ಯಕ್ಷಗಾನ, ಸಂಘಗಳ ಅಮೃತಮಹೋತ್ಸವ ಇವುಗಳ ಕಡೆಗೆ ಹೊರಳುತ್ತದೆ. ಸಹಜವೇ, ಆ ಚರಿತ್ರೆ ದೊಡ್ಡದು. ಆದರೆ ಬೆಳಗ್ಗೆ ಎಂಟಕ್ಕೆ ಉಪನಗರದ ಕೂಲಿ ನಾಕಾಗಳಲ್ಲಿ ಒಮ್ಮೆ ನಿಂತು ಕೇಳಿ. ಬುಟ್ಟಿ, ಸಲಿಕೆ ಹಿಡಿದು ಕೆಲಸಕ್ಕೆ ಕಾಯುವವರ ನಡುವೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ಪಕ್ಕದಲ್ಲೇ ಲಂಬಾಣಿ ಮಾತೂ. ಇದು ನಮ್ಮ ಸ್ಮರಣ ಸಂಚಿಕೆಗಳಿಗೆ ಅಷ್ಟಾಗಿ ಬಾರದ ಮುಂಬಯಿ ಕನ್ನಡ.

ಈ ಚಳಿಗಾಲದಲ್ಲಿ ಮುಲುಂಡ್‌ನ ನಮ್ಮ ಫ್ಲ್ಯಾಟಿನ ಅಡುಗೆಮನೆ ಒಡೆಸಿ ಕಟ್ಟಿಸಿದೆವು. ಗುತ್ತಿಗೆದಾರ ನಾಕಾದಿಂದ ಕರೆತಂದವರಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳಿದ್ದರು. ಒಡೆದ ಟೈಲ್ಸ್‌ಗಳನ್ನು ಗೋಣಿಚೀಲಕ್ಕೆ ತುಂಬಿ ಕೆಳಗೆ ಹೊರುವುದು ಅವರ ಕೆಲಸ. ಚೀಲ ಇಳಿಸುವಾಗ "ಯವ್ವಾ" ಎಂದದ್ದು ಕೇಳಿ ನಾನು ಕನ್ನಡದಲ್ಲೇ ಮಾತಾಡಿಸಿದೆ.

"ಯಾ ಊರು ಅಕ್ಕಾರ?"

"ಶಹಾಪುರ ತಾಲೂಕ್ರೀ. ನೀವು ನಮ್ ಕಡೆಯವರೇನ್ರೀ ಸಾಹೇಬ್ರ?"

ವಿಜಯಪುರ ಜಿಲ್ಲೆಯವನು ಎಂದೆ. ಅಷ್ಟೇ ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ನನ್ನ ಹೆಂಡತಿಯ ಶೇಂಗಾಚಟ್ನಿಗೆ ಖಾರ ಸಾಲದು ಎಂಬ ತೀರ್ಪೂ ಬಂದಿತ್ತು. ಮಳೆಗಾಲದಲ್ಲಿ ಊರು, ತೊಗರಿ ಹೊಲ. ದೀಪಾವಳಿ ಮುಗಿದ ಮೇಲೆ ಮುಂಬಯಿ. ಹೀಗೆ ಹದಿನೆಂಟು ವರ್ಷ. ನಾನು ಈ ಊರಿಗೆ ಬರುವುದಕ್ಕಿಂತ ಎರಡು ವರ್ಷ ಮೊದಲೇ ಅವರು ಬಂದಿದ್ದರು.

ಮೂರನೆಯ ದಿನ ಪ್ಲಾಸ್ಟಿಕ್ ಚೀಲದಿಂದ ಮಡಿಚಿದ ಮರಾಠಿ ಅರ್ಜಿಯೊಂದನ್ನು ತೆಗೆದು ಕೊಟ್ಟರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸುವ ಅರ್ಜಿ. ನೋಂದಣಿಯಾದರೆ ಮಗಳ ಓದಿಗೆ ನೆರವು ಸಿಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಹೇಳಿದ್ದು ಸರಿಯೇ. 1996ರ ಕಾನೂನಿನ ಕಾಲದಿಂದಲೂ ಕಟ್ಟಡದ ವೆಚ್ಚದ ಮೇಲೆ ಶೇಕಡಾ 1ರಷ್ಟು ಸೆಸ್ ವಸೂಲಾಗಿ ಈ ಮಂಡಳಿಗಳಿಗೆ ಹೋಗುತ್ತದೆ. ಆದರೆ ಹೆಸರು ಬರೆಸಲು ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು.

"ಮಾಲಕನ ಸಹಿ ಬೇಕಂತ್ರೀ. ನಮಗ ಯಾರ್ರೀ ಮಾಲಕ? ಸೋಮಾರ ಒಬ್ಬ, ಮಂಗಳಾರ ಒಬ್ಬ."

ನಮ್ಮ ಗುತ್ತಿಗೆದಾರನನ್ನು ಕೇಳಿದೆ. ಸಹಿ ಹಾಕಿದರೆ ನಾಳೆ ಪಿಎಫ್ ಕೇಳಿಕೊಂಡು ಬರುತ್ತಾರೆ, ನನಗೇಕೆ ಈ ತಲೆನೋವು ಎಂದು ನಕ್ಕ. ಮಹಾನಗರಪಾಲಿಕೆಯ ಅಧಿಕಾರಿಯೂ ಪ್ರಮಾಣಪತ್ರ ಕೊಡಬಹುದು. ಆದರೆ ಈ ಹೆಂಗಸು ಕಳೆದ ಜನವರಿಯಲ್ಲಿ ಯಾರ ಮನೆಯ ಸಿಮೆಂಟು ಹೊತ್ತರು ಎಂದು ಅವರಾದರೂ ಯಾವ ಪುಸ್ತಕ ನೋಡಿ ಹೇಳಬೇಕು?

ನಮ್ಮ ಆಫೀಸಿನಲ್ಲಿ ಶುಕ್ರವಾರ ಸಂಜೆ ಟೈಮ್‌ಶೀಟ್ ತುಂಬದಿದ್ದರೆ ತಂತಾನೇ ಮೇಲ್ ಬರುತ್ತದೆ. ನನ್ನ ತಂಡದ ಅರ್ಧ ಜನ ವೆಂಡರ್ ಮೂಲಕ ಬಂದವರು. ನಾಕಾದ ಭಾಷೆಯಲ್ಲಿ ಹೇಳುವುದಾದರೆ ಮುಕಾದಮನ ಆಳುಗಳು. ಆದರೂ ಅವರ ಪಿಎಫ್ ಸಂಖ್ಯೆ ಕಂಪನಿಯಿಂದ ಕಂಪನಿಗೆ ಅವರ ಬೆನ್ನು ಹತ್ತಿ ಹೋಗುತ್ತದೆ. ನಮಗೂ ಈ ಅಕ್ಕನಿಗೂ ಇರುವ ವ್ಯತ್ಯಾಸ ಸಂಬಳದ್ದು ಮಾತ್ರ ಅಲ್ಲ. ನಮ್ಮ ದುಡಿದ ದಿನವನ್ನು ಬರೆದಿಡುವವರು ಒಬ್ಬರಿದ್ದಾರೆ.

ಬರೆದಿಡಬೇಕು ಎಂಬುದು ಕಾನೂನಿಗೆ ಹೊಳೆಯದ ವಿಷಯವೇನಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ, ಬೇರೆ ರಾಜ್ಯದಿಂದ ಆಳು ತರುವ ಗುತ್ತಿಗೆದಾರ ಪ್ರತಿಯೊಬ್ಬರಿಗೂ ಫೋಟೋ ಅಂಟಿಸಿದ ಪಾಸ್‌ಬುಕ್ ಕೊಡಬೇಕು ಎಂದಿತ್ತು. ಅದರಲ್ಲಿ ಕೆಲಸದ ಜಾಗ, ಅವಧಿ, ಕೂಲಿ ಎಲ್ಲವೂ ಇರಬೇಕು, ಕಾರ್ಮಿಕರ ಸ್ವಂತ ಭಾಷೆಯಲ್ಲೂ ಇರಬೇಕು. ಅಂದರೆ ಮುಂಬಯಿಯಲ್ಲಿ ಕನ್ನಡದ ಪಾಸ್‌ಬುಕ್! ನಾನಂತೂ ಒಂದನ್ನೂ ಕಂಡಿಲ್ಲ. ಆ ಕಾಯ್ದೆ ಗುತ್ತಿಗೆದಾರ ಕರೆತಂದವರಿಗೆ ಮಾತ್ರ, ತಾನಾಗಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬಂದವರಿಗಲ್ಲ.

ಅದರ ಜಾಗಕ್ಕೆ ಬಂದ, 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಸಂಹಿತೆ ತಾನಾಗಿ ಬಂದವರನ್ನೂ ವಲಸೆ ಕಾರ್ಮಿಕರೆಂದು ಒಪ್ಪುತ್ತದೆ, ಸಂಬಳ ತಿಂಗಳಿಗೆ 18,000 ಮೀರದಿದ್ದರೆ. ಒಳ್ಳೆಯದೇ. ಆದರೆ ಮೊದಲು 5 ಜನ ವಲಸಿಗರಿದ್ದ ಕಡೆ ಅನ್ವಯವಾಗುತ್ತಿದ್ದದ್ದು ಈಗ 10 ಜನರಿದ್ದರೆ ಮಾತ್ರ. ನಮ್ಮ ಅಡುಗೆಮನೆಯಲ್ಲಿ ಇದ್ದವರು ನಾಲ್ವರು. ನೋಂದಣಿಯ ಆ 90 ದಿನದ ಷರತ್ತು ಹೊಸ ಸಂಹಿತೆಗಳಲ್ಲೂ ಹಾಗೇ ಉಳಿದಿದೆ.

ದಿನಕ್ಕೊಬ್ಬ ಮಾಲಕ ಇರುವವರಿಗೆ ದಾರಿಯೇ ಇಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಇದೇ ಮುಂಬಯಿಯಲ್ಲಿ, ಅಣ್ಣಾಸಾಹೇಬ್ ಪಾಟೀಲರ ಹೋರಾಟದಿಂದ 1969ರಲ್ಲಿ ಮಾಥಾಡಿ ಕಾನೂನು ಬಂತು. ಮೂಟೆ ಹೊರುವ ಹಮಾಲರೂ ದಿನಕ್ಕೆ ಹತ್ತು ಅಂಗಡಿಗೆ ದುಡಿಯುವವರೇ. ಅಲ್ಲಿ ಮಂಡಳಿಯೇ ಲೆಕ್ಕ ಇಡುತ್ತದೆ. ವ್ಯಾಪಾರಿ ಕೂಲಿಯನ್ನೂ ಅದರ ಮೇಲಿನ ಲೆವಿಯನ್ನೂ ಮಂಡಳಿಗೆ ಕಟ್ಟಬೇಕು, ಹಮಾಲನಿಗೆ ಕೂಲಿ, ಪಿಎಫ್, ಗ್ರ್ಯಾಚುಯಿಟಿ ಮಂಡಳಿಯಿಂದ. ಅದರಲ್ಲೂ ಹುಳುಕುಗಳಿವೆ, ಇರಲಿ. ನಾಕಾಕ್ಕೊಂದು ಅಂಥ ಪುಸ್ತಕ ಇಡುವುದು ಈ ಕಾಲದಲ್ಲಿ ಎಷ್ಟರ ಕೆಲಸ? ಅರ್ಜಿದಾರಳೇ ಸಹಿ ಹುಡುಕಿಕೊಂಡು ಅಲೆಯಲಿ ಎನ್ನುವುದು ಹಕ್ಕು ಕೊಟ್ಟು ಬೀಗದ ಕೈ ಬಚ್ಚಿಟ್ಟ ಹಾಗೆ.

ಕೊನೆಗೆ ನಾನೇ ಬರೆದುಕೊಟ್ಟೆ. ತಾರೀಖುಗಳ ಸಹಿತ 11 ದಿನ, ಮಾಡಿದ ಕೆಲಸ, ನಮ್ಮ ವಿಳಾಸ, ಫೋನ್ ನಂಬರು. ಮರಾಠಿ ತಿದ್ದಿದ್ದು ಮಗಳು. ನಮ್ಮ ಕಾಂಪ್ಲೆಕ್ಸಿನಲ್ಲೇ ಇನ್ನೂ ಮೂರು ಮನೆಗಳಲ್ಲಿ ದುಡಿದಿದ್ದೇನೆ ಎಂದರು ಅಕ್ಕ. ಭಾನುವಾರ ಇಬ್ಬರೂ ಹೋಗಿ ಬೆಲ್ ಒತ್ತಿದೆವು. ಒಂದು ಮನೆಯವರು 9 ದಿನಕ್ಕೆ, ಇನ್ನೊಂದು ಮನೆಯ ಅಜ್ಜಿ 17 ದಿನಕ್ಕೆ ಸಹಿ ಹಾಕಿದರು; ಅಜ್ಜಿಗೆ ಅಕ್ಕನ ಮುಖ ಚೆನ್ನಾಗಿ ನೆನಪಿತ್ತು. ಮೂರನೆಯವರು ತಮ್ಮ ವಕೀಲರನ್ನು ಕೇಳಿ ಹೇಳುತ್ತೇನೆಂದರು, ಇನ್ನೂ ಹೇಳಿಲ್ಲ. ಒಟ್ಟು 37. ಒಂದು ಜೇಬು ಡೈರಿ ತಂದು ತಾರೀಖು, ಮನೆ, ಸಹಿ ಎಂದು ಗೆರೆ ಎಳೆದುಕೊಟ್ಟೆ.

ಮೊನ್ನೆ ಫೋನ್ ಮಾಡಿದ್ದರು. ಘಾಟ್ಕೋಪರ್‌ನಲ್ಲಿ ಬಾತ್‌ರೂಮ್ ಕೆಲಸ, 6 ದಿನ, ಮನೆಯ ಬಾಯಿ ತಕರಾರಿಲ್ಲದೆ ಸಹಿ ಹಾಕಿದರಂತೆ.

"ಈಗ ಎಷ್ಟಾತ್ರೀ ಸಾಹೇಬ್ರ?"

"ನಲವತ್ಮೂರು, ಅಕ್ಕಾರ."