ಕೈಗಡ

ಅಪ್ಪನನ್ನು ಐಸಿಯುಗೆ ಸೇರಿಸಿದ ರಾತ್ರಿ ಡಾಕ್ಟರು ಹೇಳಿದ್ದರಲ್ಲಿ ತಲೆಯೊಳಗೆ ಉಳಿದದ್ದು ಒಂದೇ ಮಾತು: "ಲ್ಯಾಕ್ಟೇಟ್ ಆರಿದೆ. ಎರಡರೊಳಗೆ ಇರಬೇಕಿತ್ತು."

ಹದಿನಾರು ವರ್ಷದಿಂದ ಪಿಯುಸಿ ಮಕ್ಕಳಿಗೆ ನಾನು ಮಾಡುತ್ತಿರುವುದು ಅದೇ ಪಾಠ. ಒಂದು ಗ್ಲೂಕೋಸ್ ಅಣು ಒಡೆದು ಎರಡು ಪೈರುವೇಟ್ ಆಗುವಾಗ ಕೋಶಕ್ಕೆ ಸಿಗುವ ನಿವ್ವಳ ಲಾಭ 2 ಎಟಿಪಿ. ಆಮ್ಲಜನಕವಿದ್ದರೆ ಪೈರುವೇಟ್ ಮೈಟೋಕಾಂಡ್ರಿಯದೊಳಗೆ ಹೋಗಿ ಪೂರ್ತಿ ಉರಿಯುತ್ತದೆ. ಒಟ್ಟು ಸುಮಾರು 30ರಿಂದ 32. ಇಲ್ಲದಿದ್ದರೆ ಹುದುಗುವಿಕೆ, ಬರೀ ಆ ಎರಡೇ. ಬೋರ್ಡಿನ ಮೇಲೆ ಎರಡೂ ಲೆಕ್ಕ ಅಕ್ಕಪಕ್ಕ ಬರೆದು, "ಎಂಥ ನಷ್ಟದ ವ್ಯಾಪಾರ ನೋಡಿ!" ಎಂದು ನಗಿಸುತ್ತಿದ್ದೆ. ಲ್ಯಾಕ್ಟೇಟ್ ಅಂದರೆ ಆ ವ್ಯಾಪಾರದ ಕಸ.

ಅಪ್ಪನಿಗೆ ನ್ಯುಮೋನಿಯಾ. ಸೋಂಕು ರಕ್ತಕ್ಕಿಳಿದು ಬಿಪಿ ಕುಸಿದಿತ್ತು. ಮೈಯ ಮೂಲೆಮೂಲೆಗೆ ಆಮ್ಲಜನಕ ಸಾಲುತ್ತಿಲ್ಲ ಎಂಬುದಕ್ಕೆ ಆ ಆರು ಒಂದು ಸುಳಿವು.

ಬೆಳಗಿನ ಜಾವ ಮನೆಗೆ ಬಂದರೆ ಅಮ್ಮ ಅಡುಗೆಮನೆಯ ಕಟ್ಟೆ ಒರೆಸುತ್ತಿದ್ದಳು. ಹಿಂದಿನ ಸಂಜೆ ರುಬ್ಬಿಟ್ಟಿದ್ದ ದೋಸೆ ಹಿಟ್ಟು ಉಕ್ಕಿ ಮುಚ್ಚಳ ಎತ್ತಿತ್ತು. "ನಿಮ್ಮಪ್ಪ ದೋಸೆ ಬೇಕು ಅಂದಿದ್ರು ಕಣೋ" ಎಂದಳು. ನಾನು ಪಾತ್ರೆ ನೋಡುತ್ತ ನಿಂತೆ. ಒಳಗಿನ ಕೋಟ್ಯಂತರ ಬ್ಯಾಕ್ಟೀರಿಯಾಗಳು ಆ ಚಿಲ್ಲರೆ ಲಾಭದಲ್ಲೇ ರಾತ್ರಿಯಿಡೀ ಬದುಕಿ, ಹಿಟ್ಟನ್ನು ಹುಳಿಯಾಗಿಸಿ, ಮುಚ್ಚಳ ಎತ್ತಿದ್ದವು.

ಪಾಠದಲ್ಲಿ ನಾನು ಓಡಿಸಿಬಿಡುತ್ತಿದ್ದ ಭಾಗ ಆಗ ನೆನಪಾಯಿತು. ಗ್ಲೂಕೋಸ್ ಒಡೆಯುವಾಗ ಎಲೆಕ್ಟ್ರಾನುಗಳನ್ನು ಹೊರುವ ಹಮಾಲಿ ಎನ್‌ಎಡಿ. ಆಮ್ಲಜನಕ ಸಾಲದಾದರೆ ಹೊರೆ ಇಳಿಸಲು ಜಾಗವಿಲ್ಲ. ಹಮಾಲಿಗಳೆಲ್ಲ ತಲೆಹೊರೆ ಸಮೇತ ನಿಂತುಬಿಟ್ಟರೆ ಆ 2 ಎಟಿಪಿಯೂ ಇಲ್ಲ. ಆಗ ಕೋಶ ಹೊರೆಯನ್ನು ಪೈರುವೇಟ್ ಮೇಲೆಯೇ ಇಳಿಸುತ್ತದೆ. ಹಾಗೆ ಹುಟ್ಟುವುದೇ ಲ್ಯಾಕ್ಟೇಟ್. ಹಮಾಲಿಯ ಕೈ ಖಾಲಿಯಾಯಿತು, ಕೆಲಸ ಮುಂದುವರಿಯಿತು. ಆಮ್ಲಜನಕ ಹೊರುವ ಕೆಂಪು ರಕ್ತಕಣಗಳಿಗಂತೂ ಮೈಟೋಕಾಂಡ್ರಿಯವೇ ಇಲ್ಲ. ಸುಮಾರು 120 ದಿನದ ಆಯಸ್ಸಿಡೀ ಅವು ಬದುಕುವುದು ಇದೇ 'ನಷ್ಟದ ವ್ಯಾಪಾರ'ದಲ್ಲಿ.

ಇನ್ನು ಆ ಕಸ? ಅದನ್ನು ಹೃದಯ ಉರಿಸಿಕೊಳ್ಳುತ್ತದೆ. ಯಕೃತ್ತು ಮತ್ತೆ ಗ್ಲೂಕೋಸ್ ಮಾಡುತ್ತದೆ. ಸ್ನಾಯುವಿನಿಂದ ಯಕೃತ್ತಿಗೆ, ಅಲ್ಲಿಂದ ಮತ್ತೆ ಸ್ನಾಯುವಿಗೆ ತಿರುಗುವ ಈ ಚಕ್ರವನ್ನು ತೋರಿಸಿಕೊಟ್ಟವರು ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿ. 1947ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅಂದರೆ ಅದು ಕಸವಲ್ಲ, ಕೈಗಡ. ಕಷ್ಟಕಾಲದಲ್ಲಿ ತಂದು, ಉಸಿರು ತಿರುಗಿದಾಗ ತೀರಿಸುವಂಥದ್ದು. ಅಪ್ಪ ದಿನಸಿ ಅಂಗಡಿ ನಡೆಸುತ್ತಿದ್ದಾಗ ಹೇಳುತ್ತಿದ್ದರು: "ಕೈಗಡ ತಂದೋನು ಇನ್ನೂ ಅಂಗಡಿ ಮುಚ್ಚಿಲ್ಲ ಅಂತ ಅರ್ಥ." ಆದರೆ ತೀರದೆ ಬೆಳೆಯುತ್ತಲೇ ಹೋಗುವ ಸಾಲ ಮುಳುಗಿಸುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಅವತ್ತು ನನಗೂ ಗೊತ್ತಿತ್ತು.

ಮಧ್ಯಾಹ್ನ ನಾಲ್ಕೂವರೆ ಅಂದರು. ಮರುದಿನ ಮೂರು. ಔಷಧ, ಸಲೈನ್, ಆಮ್ಲಜನಕ ಎಲ್ಲ ಸೇರಿ ಮೂರನೆಯ ದಿನ ಎರಡಕ್ಕಿಂತ ಕೆಳಗಿಳಿಯಿತು. ಪ್ರತಿ ಸಲ ಆ ಅಂಕಿಗಾಗಿ ನಾನು ಬಾಗಿಲ ಬಳಿ ಕಾದು ನಿಂತಿದ್ದೆ, ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ.

ಎರಡು ವಾರದ ಮೇಲೆ ಅಪ್ಪ ಮನೆಗೆ ಬಂದರು. ಅಮ್ಮ ಹೊಸದಾಗಿ ರುಬ್ಬಿದ್ದಳು. ಅರ್ಧ ದೋಸೆ ತಿಂದು, "ಹುಳಿ ಸಾಲದು" ಎಂದರು.