ಮೇಲೆ ಥಳಕು, ಕೆಳಗೆ ತುಕ್ಕು

ರಾಯರ ಮನೆಯ ಪದ್ಮಿನಿಗೆ ಊರಿನಲ್ಲಿ ಒಳ್ಳೆಯ ಹೆಸರಿತ್ತು. ಪದ್ಮಿನಿ ಎಂದರೆ ಪ್ರೀಮಿಯರ್ ಪದ್ಮಿನಿ ಕಾರು. 1988ರ ಮಾಡೆಲ್ಲು, ಕೆನೆ ಬಣ್ಣ, ಸ್ಟಿಯರಿಂಗಿನ ಪಕ್ಕದಲ್ಲೇ ಗೇರು. ಮಲ್ಪೆಯ ಕಡಲಿನಿಂದ ಒಂದು ಮೈಲಿ ದೂರದ ಆ ಮನೆಯಲ್ಲಿ ಮಗಳ ಮದುವೆಯ ದಿಬ್ಬಣ, ಮೊಮ್ಮಗನ ನಾಮಕರಣ, ನೆರೆಮನೆಯ ಬಾಣಂತಿಯ ಆಸ್ಪತ್ರೆ ಪ್ರಯಾಣ ಎಲ್ಲವೂ ಅದರಲ್ಲೇ ಆಗಿದ್ದವು. ಪ್ರತಿ ಭಾನುವಾರ ರಾಯರು ಪಂಚೆ ಎತ್ತಿ ಕಟ್ಟಿ ಅದಕ್ಕೆ ಸ್ನಾನ ಮಾಡಿಸುತ್ತಿದ್ದರು. ಪಾಲಿಶ್ ಹಾಕಿ ಉಜ್ಜಿದ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು. 'ಮನುಷ್ಯರಿಗಿಂತ ಕಾರಿಗೇ ಹೆಚ್ಚು ಉಪಚಾರ' ಎಂದು ಅವರ ಹೆಂಡತಿ ಗೊಣಗುತ್ತಿದ್ದುದು ಸುಳ್ಳಲ್ಲ. ಆದರೆ ಆ ಉಪಚಾರವೆಲ್ಲ ಸೊಂಟದಿಂದ ಮೇಲಕ್ಕೆ. ಕಾರಿನ ಹೊಟ್ಟೆಯ ಕೆಳಗೆ ಅವರು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಇಣುಕಿರಲಿಲ್ಲ.

ವಯಸ್ಸಾಗುತ್ತ ಬಂದಂತೆ ಭಾರದ ಸ್ಟಿಯರಿಂಗು ರಾಯರ ಭುಜಕ್ಕೆ ಮುನಿಯತೊಡಗಿತು. ಇದನ್ನು ಮಾರಿ ಹಗುರವಾದ ಸಣ್ಣ ಕಾರೊಂದನ್ನು ಕೊಳ್ಳುವುದೆಂದು 2019ರ ಏಪ್ರಿಲಿನಲ್ಲಿ ತೀರ್ಮಾನವಾಯಿತು. ಹಳೆಯ ಕಾರುಗಳ ಮೋಹವಿದ್ದ ಕುಂದಾಪುರದ ಕಡೆಯ ಯುವಕನೊಬ್ಬ ಬಂದ. ಬಾನೆಟ್ಟಿನ ಹೊಳಪು ನೋಡಿ ಮರುಳಾದ. ಅರುವತ್ತು ಸಾವಿರಕ್ಕೆ ಮಾತಾಗಿ, ಐದು ಸಾವಿರ ಮುಂಗಡವನ್ನೂ ಕೊಟ್ಟ. 'ಮಳೆಗಾಲಕ್ಕೆ ಮುಂಚೆ ಮಗುವನ್ನು ಕೂರಿಸಿಕೊಂಡು ಆಗುಂಬೆ ಹತ್ತಿ ಮಾವನ ಮನೆಗೆ ಹೋಗಬೇಕು ಸಾರ್' ಎಂದು ಹೇಳಿ ಹೋದ.

ವಾರದೊಳಗೆ ಒಂದು ಟಯರು ಪಂಕ್ಚರಾಯಿತು. ರಾಯರು ಬಾಗಿಲ ಕೆಳಗಿನ ಅಂಚಿಗೆ ಜಾಕು ಕೊಟ್ಟು ತಿರುಗಿಸಿದರು. ಜಾಕು ಮೇಲೆ ಹೋಯಿತು. ಕಾರು ಮಾತ್ರ ಇದ್ದಲ್ಲೇ ಇತ್ತು! ಹಪ್ಪಳ ಮುರಿದಂತೆ ಕರಕರ ಸದ್ದಾಗಿ, ಕಂದು ಬಣ್ಣದ ಪುಡಿ ಒಂದು ಹಿಡಿಯಷ್ಟು ನೆಲಕ್ಕೆ ಸುರಿಯಿತು. ಗಾಬರಿಯಿಂದ ಹಿಂದಿನ ಬಾಗಿಲು ತೆರೆಯಲು ಹೋದರೆ ಅದು ಕಚ್ಚಿಕೊಂಡು ಕೂತಿತ್ತು.

ಹೇಗೋ ಟಯರು ಬದಲಿಸಿ ಟಿಂಕರಿಂಗ್ ಅಂಗಡಿಗೆ ಒಯ್ದಾಯಿತು. ಟಿಂಕರು ಕಾರನ್ನು ಎತ್ತಿ ನಿಲ್ಲಿಸಿ, ಗೋಣಿ ಹಾಸಿ, ಟಾರ್ಚು ಮತ್ತು ಸ್ಕ್ರೂಡ್ರೈವರು ಹಿಡಿದು ಕೆಳಗೆ ನುಗ್ಗಿದ. ಸ್ಕ್ರೂಡ್ರೈವರಿನ ಹಿಡಿಯಿಂದ ಅಲ್ಲಲ್ಲಿ ತಟ್ಟಿದ. ಗಟ್ಟಿ ತಗಡು 'ಠಣ್' ಎನ್ನುತ್ತಿತ್ತು. ಕೆಟ್ಟ ತಗಡು ಹಳಸಿದ ತೆಂಗಿನಕಾಯಿಯಂತೆ 'ದಬ್' ಎನ್ನುತ್ತಿತ್ತು. ದಬ್ ಎಂದಲ್ಲಿ ತುದಿಯಿಂದ ಚುಚ್ಚಿದರೆ ಸ್ಕ್ರೂಡ್ರೈವರು ಸೀದಾ ಒಳಗೆ ಹೋಗುತ್ತಿತ್ತು.

'ರಾಯರೇ, ಲಾರಿಗಾದರೆ ಚಾಸಿ ಬೇರೆ, ಬಾಡಿ ಬೇರೆ ಮಾರಾಯ್ರೆ. ಈ ಕಾರಿಗೆ ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಈ ಪೆಟ್ಟಿಗೆಯೇ ಮನೆಯ ತೊಲೆ ಇದ್ದ ಹಾಗೆ. ತೊಲೆಗೆ ಗೆದ್ದಲು ಹಿಡಿದಿದೆ. ಅದಕ್ಕೇ ಎತ್ತಿದಾಗ ಬಾಗಿಲು ಕಚ್ಚಿದ್ದು' ಎಂದ. ಹಿಂದಿನ ಪ್ಲೇಟುಗಳ ಮುಂತುದಿ ಬಾಡಿಗೆ ಸೇರುವ ಜಾಗವೂ ಸಡಿಲಾಗಿತ್ತು. ಅದು ಕಳಚಿದರೆ ಹಿಂದಿನ ಚಕ್ರಗಳೇ ದಾರಿ ತಪ್ಪುತ್ತವೆ.

ತೊಳೆದು ಒರೆಸಿ ಇಟ್ಟ ಕಾರಿಗೆ ಇದೆಲ್ಲಿಂದ ಬಂತು? ಕಬ್ಬಿಣ, ನೀರು, ಗಾಳಿ ಸೇರಿದರೆ ತುಕ್ಕು. ಉಪ್ಪು ಸೇರಿದರೆ ಅದಕ್ಕೆ ಕುದುರೆಯ ವೇಗ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿ ಸೀಮೆಯಲ್ಲಿ ನೀರಿಗೆ ಬರವಿಲ್ಲ, ಕಡಲ ಗಾಳಿಯಲ್ಲಿ ಉಪ್ಪಿಗೂ ಬರವಿಲ್ಲ. ಮೀನಿನ ಲಾರಿಗಳು ರಸ್ತೆಯುದ್ದಕ್ಕೂ ಚೆಲ್ಲುವ ಉಪ್ಪುನೀರು ಹಿಂದೆ ಬರುವ ಕಾರುಗಳ ಹೊಟ್ಟೆಗೇ ಸಿಡಿಯುತ್ತದೆ. ಮರವಂತೆಯಂಥ ಕಡಲಂಚಿನ ದಾರಿಯಲ್ಲಿ ಆಷಾಢದ ಅಲೆಗಳ ತುಂತುರು ಬೇರೆ. ಬಾಗಿಲೊಳಗೆ, ತೊಲೆಯೊಳಗೆ ಇಳಿದ ನೀರು ಹೊರಹೋಗಲು ಕಾರು ಮಾಡಿದವರು ಸಣ್ಣ ತೂತುಗಳನ್ನು ಇಟ್ಟಿರುತ್ತಾರೆ. ಮನೆಯಂಗಳದ ಹಲಸಿನ ಮರದ ಕಸ, ಕೆಂಪು ಮಣ್ಣು ಸೇರಿ ಅವು ಯಾವಾಗಲೋ ಮುಚ್ಚಿಹೋಗಿದ್ದವು. ಹತ್ತು ವರ್ಷಗಳ ಹಿಂದೆ ಯಾರದೋ ಸಲಹೆಯಂತೆ ಬಳಿಸಿದ ಕರಿ ಡಾಂಬರು ತುಕ್ಕನ್ನು ತಡೆಯುವ ಬದಲು, ಆಗಲೇ ಇದ್ದ ತುಕ್ಕಿನ ಮೇಲೆ ಕಂಬಳಿ ಹೊದಿಸಿ ತೇವವನ್ನು ಒಳಗೇ ಬೆಚ್ಚಗೆ ಇರಿಸಿತ್ತು. ಬಣ್ಣ ಗುಳ್ಳೆ ಏಳುವುದು ತುಕ್ಕಿನ ಆರಂಭವಲ್ಲ. ಒಳಗಿನ ಕೆಲಸ ಮುಗಿಯುತ್ತ ಬಂತೆಂಬ ಸೂಚನೆ.

ಟಿಂಕರು ಎರಡು ದಾರಿ ಹೇಳಿದ. ತೆಳು ತಗಡು ಅಂಟಿಸಿ, ಪುಟ್ಟಿ ಮೆತ್ತಿ, ಮೇಲೆ ಕರಿ ಬಣ್ಣ ಹೊಡೆದರೆ ಆರು ಸಾವಿರ. 'ದೇವರಾಣೆಗೂ ಯಾರಿಗೂ ಗೊತ್ತಾಗುವುದಿಲ್ಲ.' ಸರಿಯಾಗಿ ಮಾಡುವುದಾದರೆ ಸೀಟು, ಚಾಪೆ, ಪೆಟ್ರೋಲ್ ಟ್ಯಾಂಕು ಬಿಚ್ಚಬೇಕು; ಬಾಡಿ ಕುಸಿಯದಂತೆ ಬಾಗಿಲ ಜಾಗಕ್ಕೆ ಅಡ್ಡ ಕಂಬಿ ಕೊಡಬೇಕು; ಗಟ್ಟಿ ಲೋಹ ಸಿಗುವವರೆಗೆ ಕೊಳೆತದ್ದನ್ನು ಕತ್ತರಿಸಿ, ದಪ್ಪ ತಗಡನ್ನು ಬಾಗಿಸಿ ಬೆಸೆಯಬೇಕು. ಮೂರು ವಾರ, ಐವತ್ತೈದು ಸಾವಿರ. ಕಾರಿನ ಬೆಲೆಗೂ ರಿಪೇರಿಗೂ ಐದೇ ಸಾವಿರದ ಅಂತರ!

ಆ ರಾತ್ರಿ ರಾಯರಿಗೆ ನಿದ್ದೆ ಬರಲಿಲ್ಲ. ಆರ್‌ಸಿ 2023ರವರೆಗೆ ಊರ್ಜಿತವಿತ್ತು. ಕಾಗದದ ಮಟ್ಟಿಗೆ ಅವರದು ತಪ್ಪೇನಿಲ್ಲ. ಹುಡುಗನೂ ಬಗ್ಗಿ ನೋಡಿರಲಿಲ್ಲ, ಕೇಳಿರಲೂ ಇಲ್ಲ. ಸುಳ್ಳು ಹೇಳಬೇಕಾದ ಪ್ರಸಂಗವೇ ಇಲ್ಲ, ಸುಮ್ಮನಿದ್ದರೆ ಸಾಕು. ಆದರೆ ಕಣ್ಣು ಮುಚ್ಚಿದರೆ ಆಗುಂಬೆಯ ಹದಿನಾಲ್ಕು ತಿರುವುಗಳು, ಹಿಂದಿನ ಸೀಟಿನಲ್ಲಿ ಒಂದು ಮಗು. 'ಹೊಸ ಕಾರು ಎಲ್ಲಿಗೆ ಓಡಿಹೋಗುತ್ತದೆ? ಮುಂದಿನ ವರ್ಷ ಕೊಂಡರಾಯಿತು. ಮಲಗಿ' ಎಂದರು ಹೆಂಡತಿ, ಗೋಡೆಯ ಕಡೆ ತಿರುಗಿಕೊಂಡೇ.

ಭಾನುವಾರ ಹುಡುಗ ಉಳಿದ ಹಣದೊಂದಿಗೆ ಬಂದ. ರಾಯರು ಅವನನ್ನು ಟಿಂಕರನ ಅಂಗಡಿಗೆ ಕರೆದೊಯ್ದು, ತಾವೇ ಗೋಣಿ ಹಾಸಿ, ಟಾರ್ಚು ಕೈಗಿತ್ತು 'ಒಮ್ಮೆ ನೋಡಿ' ಎಂದರು. ಹುಡುಗ ಬಹಳ ಹೊತ್ತು ಕೆಳಗೇ ಇದ್ದ. ಎದ್ದಾಗ ಅಂಗಿಯ ತುಂಬ ಕಂದು ಪುಡಿ. ಮುಂಗಡ ವಾಪಸು ಪಡೆದು, ಕಾಫಿ ಕುಡಿದು, ಹೊರಡುವಾಗ ರಾಯರ ಕಾಲು ಮುಟ್ಟಿ ನಮಸ್ಕರಿಸಿದ. ಅವರಿಗೆ ಅದು ಕಸಿವಿಸಿಯೆನಿಸಿತು. ಜಾಕು ಒಳಗೆ ಹೋಗದೇ ಇದ್ದಿದ್ದರೆ ಕಾರು ಅವನ ಅಂಗಳದಲ್ಲಿ ಇರುತ್ತಿತ್ತಲ್ಲ!

ಸಣ್ಣ ಕಾರಿಗೆಂದು ಇಟ್ಟ ಹಣದಲ್ಲಿ ಪದ್ಮಿನಿಗೆ ಹೊಸ ತೊಲೆ ಬಂತು. ಸ್ಟಿಯರಿಂಗು ಅಷ್ಟೇ ಭಾರ, ಭುಜಕ್ಕೆ ಅಷ್ಟೇ ನೋವು. ರಾಯರ ಭಾನುವಾರದ ಪೂಜೆ ಮಾತ್ರ ಬದಲಾಯಿತು. ಬಾನೆಟ್ಟಿಗೆ ಈಗ ಪಾಲಿಶ್ ಇಲ್ಲ. ಚಾಪೆಗಳು ಬಿಸಿಲಿಗೆ ಬೀಳುತ್ತವೆ. ಕಾರಿನ ಹೊಟ್ಟೆಗೆ ಸಿಹಿನೀರು ಬೀಳುತ್ತದೆ. ಹಳೆಯ ಸೈಕಲ್ಲಿನ ಕಡ್ಡಿಯೊಂದು ಆ ಸಣ್ಣ ತೂತುಗಳನ್ನು ಹುಡುಕುತ್ತ ಸಾಗುತ್ತದೆ. ದಾರಿಹೋಕರಿಗೆ ಕಾಣುವುದು ಕಾರಿನಡಿಯಿಂದ ಹೊರಚಾಚಿದ ರಾಯರ ಎರಡು ಕಾಲುಗಳು ಮಾತ್ರ.